ಸಾರಥಿಯ ದೋಷವೋ, ರಥದ ದೋಷವೋ?

ಓಟದ ಪಂದ್ಯದಲ್ಲಿ ಹಿಂದೆ ಬಿದ್ದವನು ತನ್ನ ಕಾಲುಗಳನ್ನಲ್ಲದೆ ಬೇರಾರನ್ನೂ ದೂರುವಂತಿಲ್ಲ. ಕುಸ್ತಿಯ ಅಖಾಡದಲ್ಲಿ ಚಿತ್ತಾದವನಿಗೂ ಅದೇ ನಿಯಮ. ಸೋಲು ಯಾರದು ಎಂಬ ವಿಷಯದಲ್ಲಿ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಮನುಷ್ಯನೂ ಯಂತ್ರವೂ ಒಟ್ಟುಗೂಡಿ ಸ್ಪರ್ಧೆಗಿಳಿದಾಗ ವಿಷಯ ಜಟಿಲವಾಗುತ್ತದೆ. ಕಾರು ಹಿಂದೆ ಬಿತ್ತು. ತಪ್ಪು ಓಡಿಸಿದವನದೋ, ಕಟ್ಟಿದವರದೋ? ಫಾರ್ಮುಲಾ ಒನ್ ಎಂಬ ಮೋಟಾರು ಪಂದ್ಯದಲ್ಲಿ ಈ ಪ್ರಶ್ನೆಗೆ ವರ್ಷವರ್ಷವೂ ಉತ್ತರ ಹೇಳಲಾಗುತ್ತದೆ. ಆ ಉತ್ತರದ ಮೇಲೆ ಕೆಲವು ತರುಣರ ಜೀವನೋಪಾಯವೇ ನಿಂತಿರುತ್ತದೆ. ಉತ್ತರ ಹೇಗೆ ಹುಟ್ಟುತ್ತದೆ, ಅದು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಈ ಪಂದ್ಯದ ಸ್ವರೂಪವನ್ನು ಸ್ಥೂಲವಾಗಿ ತಿಳಿಯೋಣ. ಇದರ ವಿಶ್ವಚಾಂಪಿಯನ್‌ಷಿಪ್ ೧೯೫೦ರ ಮೇ ೧೩ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಆರಂಭವಾಯಿತು. ಫಾರ್ಮುಲಾ ಎಂದರೆ ಕಾರು ಹೇಗಿರಬೇಕೆಂಬ ನಿಯಮಗಳ ಕಟ್ಟು. ಆ ಕಟ್ಟಿನೊಳಗೆ ಪ್ರತಿಯೊಂದು ತಂಡವೂ ತನ್ನ ಕಾರನ್ನು ತಾನೇ ರೂಪಿಸಿಕೊಳ್ಳುತ್ತದೆ. ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ೨೦೨೫ರಲ್ಲಿ ಹತ್ತು ತಂಡಗಳು, ಇಪ್ಪತ್ತು ಚಾಲಕರು, ಇಪ್ಪತ್ತನಾಲ್ಕು ಪಂದ್ಯಗಳಿದ್ದವು. ಪಂದ್ಯದಲ್ಲಿ ಗೆದ್ದವನಿಗೆ ೨೫ ಅಂಕ, ಎರಡನೆಯವನಿಗೆ ೧೮, ಮೂರನೆಯವನಿಗೆ ೧೫. ಹೀಗೆ ಇಳಿಯುತ್ತ ಹತ್ತನೆಯವನಿಗೆ ಒಂದು ಅಂಕ. ಆಮೇಲಿನವರಿಗೆ ಸೊನ್ನೆ.

ಪ್ರಶಸ್ತಿಗಳು ಎರಡು. ಚಾಲಕನ ಪ್ರಶಸ್ತಿ ಮೊದಲಿನಿಂದಲೂ ಇದ್ದದ್ದು. ಕಾರು ಕಟ್ಟಿದ ತಂಡಕ್ಕೆ ಕೊಡುವ ಪ್ರಶಸ್ತಿ ೧೯೫೮ರಲ್ಲಿ ಸೇರಿತು. ಜನರ ಕಣ್ಣೆಲ್ಲ ಮೊದಲನೆಯದರ ಮೇಲಾದರೆ, ತಂಡದ ಧಣಿಗಳ ಕಣ್ಣು ಎರಡನೆಯದರ ಮೇಲೆ. ಏಕೆಂದರೆ ಬಹುಮಾನದ ಹಣ ಹಂಚಿಕೆಯಾಗುವುದು ತಂಡಗಳ ಸ್ಥಾನವನ್ನು ನೋಡಿಕೊಂಡು. ತಂಡದ ಸ್ಥಾನವೋ ಇಬ್ಬರೂ ಚಾಲಕರ ಅಂಕಗಳ ಮೊತ್ತ. ಒಬ್ಬನು ಎಷ್ಟೇ ಗೆದ್ದರೂ ಇನ್ನೊಬ್ಬನು ಸೊನ್ನೆ ಸುತ್ತಿದರೆ ತಂಡ ಕೆಳಗಿಳಿಯುತ್ತದೆ.

ಇದಕ್ಕೆ ೨೦೨೪ನೆಯ ವರ್ಷವೇ ಸಾಕ್ಷಿ. ಆ ವರ್ಷ ರೆಡ್‌ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ೪೩೭ ಅಂಕ ಗಳಿಸಿ ವಿಶ್ವಚಾಂಪಿಯನ್ ಆದರು. ಅವರ ಜೊತೆಗಾರ, ಮೆಕ್ಸಿಕೋದ ಸೆರ್ಜಿಯೋ ಪೆರೆಜ್, ಗಳಿಸಿದ್ದು ೧೫೨. ಒಟ್ಟು ೫೮೯. ಮ್ಯಾಕ್‌ಲಾರೆನ್ ತಂಡ ೬೬೬ ಗಳಿಸಿ ಮೊದಲನೆಯದಾಯಿತು, ಫೆರಾರಿ ೬೫೨ ಗಳಿಸಿ ಎರಡನೆಯದಾಯಿತು. ಚಾಂಪಿಯನ್ನನ ತಂಡ ಮೂರನೆಯ ಸ್ಥಾನಕ್ಕೆ ಕುಸಿಯಿತು. ಪೆರೆಜ್ ಇನ್ನು ೭೮ ಅಂಕ ತಂದಿದ್ದರೆ ಎರಡು ಪ್ರಶಸ್ತಿಗಳೂ ಒಂದೇ ಮನೆಗೆ ಸೇರುತ್ತಿದ್ದವು. ತಂಡವೆಂದರೆ ಇಬ್ಬರು ಚಾಲಕರಷ್ಟೇ ಅಲ್ಲ. ಹಿಂದೆ ನೂರಾರು ಮಂದಿ ಎಂಜಿನಿಯರುಗಳೂ ಕುಶಲ ಕೆಲಸಗಾರರೂ ದುಡಿಯುತ್ತಿರುತ್ತಾರೆ. ಅವರೆಲ್ಲರ ಶ್ರಮದ ಫಲ ಒಬ್ಬನ ಕೈಯಲ್ಲಿ ಪೋಲಾಗುತ್ತಿದೆಯೆಂದು ಕಂಡಾಗ ಆಡಳಿತವರ್ಗ ಸುಮ್ಮನೆ ಕುಳಿತಿರಲಾರದು. ಈ ನ್ಯಾಯವನ್ನು ನಾವು ಮರೆಯಬಾರದು.

ಇನ್ನು ಚಾಲಕನನ್ನು ಅಳೆಯುವ ಕೋಲು ಯಾವುದು? ಬೇರೆ ತಂಡದವನೊಡನೆ ಹೋಲಿಸುವಂತಿಲ್ಲ, ಅವನ ಕಾರೇ ಬೇರೆ. ಉಳಿದಿರುವುದು ಒಂದೇ ಕೋಲು: ತನ್ನ ಜೊತೆಗಾರ. ಇಬ್ಬರಿಗೂ ಒಂದೇ ಕಾರು ಕೊಟ್ಟಿರುವಾಗ ಇಬ್ಬರ ನಡುವಣ ವ್ಯತ್ಯಾಸ ಮನುಷ್ಯರ ವ್ಯತ್ಯಾಸವೇ ಆಗಿರಬೇಕೆಂಬುದು ವಾದ. ಆ ವ್ಯತ್ಯಾಸವೂ ಅತ್ಯಲ್ಪ. ಒಂದು ಸುತ್ತಿಗೆ ೯೦ ಸೆಕೆಂಡು ಹಿಡಿಯುವ ಪಥದಲ್ಲಿ ಜೊತೆಗಾರನಿಗಿಂತ ಸೆಕೆಂಡಿನ ಹತ್ತನೆಯ ಮೂರು ಪಾಲು ತಡವಾದರೆ ಅದು ಮುನ್ನೂರರಲ್ಲಿ ಒಂದು ಪಾಲು. ನಮ್ಮ ನಿಮ್ಮ ಜೀವನದಲ್ಲಿ ಅದು ಲೆಕ್ಕಕ್ಕೇ ಬಾರದು. ಅಲ್ಲಿಯಾದರೋ, ಎಲ್ಲ ಕಾರುಗಳೂ ಒಂದರ ಬೆನ್ನಿಗೊಂದು ಅಂಟಿಕೊಂಡಿರುವ ದಿನಗಳಲ್ಲಿ, ಅಷ್ಟೇ ಅಂತರ ಒಬ್ಬನನ್ನು ಮುಂದಿನ ಸಾಲಿನಲ್ಲೂ ಇನ್ನೊಬ್ಬನನ್ನು ಹದಿನೈದನೆಯ ಸ್ಥಾನದಲ್ಲೂ ನಿಲ್ಲಿಸಬಲ್ಲದು.

ಹಿಂದೆ ಬಿದ್ದವನ ಮೇಲೆ ಒತ್ತಡ ಹಲವು ಬಗೆಯಲ್ಲಿ ಬರುತ್ತದೆ. ಮೊದಲು ಮುಚ್ಚಿದ ಕೋಣೆಯಲ್ಲಿ ಇಬ್ಬರ ಸುತ್ತುಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ಯಾವ ತಿರುವಿನಲ್ಲಿ ಎಷ್ಟು ಕಳೆದುಕೊಂಡೆಯೆಂದು ತೋರಿಸುತ್ತಾರೆ. ಅಲ್ಲಿಯವರೆಗೆ ಅದು ಶಿಕ್ಷಣವೇ ಸರಿ. ಆಮೇಲೆ ತಂಡದ ಮುಖ್ಯಸ್ಥರು ಪತ್ರಿಕೆಯವರ ಮುಂದೆ ನಿಂತು "ಆತನಿಂದ ಇನ್ನೂ ಹೆಚ್ಚನ್ನು ನಿರೀಕ್ಷಿಸುತ್ತೇವೆ" ಎಂಬ ಧಾಟಿಯ ಮಾತಾಡತೊಡಗುತ್ತಾರೆ. ಕೊನೆಗೆ ಮಾತು ನಿಂತು ಕೃತಿಯೇ ಮಾತಾಡುತ್ತದೆ. ೨೦೨೪ರ ಆಸ್ಟ್ರೇಲಿಯಾ ಪಂದ್ಯದಲ್ಲಿ ವಿಲಿಯಮ್ಸ್ ತಂಡದ ಅಲೆಕ್ಸಾಂಡರ್ ಆಲ್ಬನ್ ಅಭ್ಯಾಸದ ವೇಳೆ ತಮ್ಮ ಕಾರನ್ನು ಗೋಡೆಗೆ ಹೊಡೆದು ನುಗ್ಗುಮಾಡಿಕೊಂಡರು. ತಂಡದ ಬಳಿ ಹೆಚ್ಚಿನ ಚೌಕಟ್ಟು ಇರಲಿಲ್ಲ. ಆಗ ಆಡಳಿತದವರು ಜೊತೆಗಾರ ಲೋಗನ್ ಸಾರ್ಜೆಂಟರ ಕಾರನ್ನು ತೆಗೆದು ಆಲ್ಬನ್ನರಿಗೆ ಕೊಟ್ಟರು. ತಪ್ಪು ಮಾಡಿದವನು ಓಡಿಸಿದನು. ಮಾಡದವನು ನಿಂತು ನೋಡಿದನು. ಅಂಕ ತರುವ ಸಂಭವ ಆಲ್ಬನ್ನರಿಗೆ ಹೆಚ್ಚೆಂಬುದು ತಂಡದ ಲೆಕ್ಕ. ಲೆಕ್ಕವಾಗಿ ಅದು ಸರಿಯಿದ್ದೀತು. ಆದರೆ ಸಾರ್ಜೆಂಟರಿಗೆ ಮುಟ್ಟಿದ ಸಂದೇಶವೇನು? ಅದೇ ಆಗಸ್ಟಿನಲ್ಲಿ, ಡಚ್ ಪಂದ್ಯದ ತರುವಾಯ, ಅವರ ಆಸನವೂ ಹೋಯಿತು.

ಭಾರತದ ಕಥೆಯಲ್ಲಿ ಶಲ್ಯನು ಕರ್ಣನ ರಥವನ್ನು ನಡೆಸುತ್ತಲೇ ಮಾತುಮಾತಿಗೆ ಅವನ ತೇಜಸ್ಸನ್ನು ಕುಂದಿಸಿದನೆಂಬುದು ನಮಗೆಲ್ಲ ತಿಳಿದದ್ದೇ. ಶಲ್ಯಸಾರಥ್ಯವೆಂಬ ಮಾತೇ ನಮ್ಮಲ್ಲಿ ರೂಢಿಯಾಗಿದೆ. ಇಲ್ಲಿ ಪಾತ್ರಗಳು ಅದಲುಬದಲು: ಸಾರಥಿ ರಥದಲ್ಲಿದ್ದಾನೆ, ಕುಂದಿಸುವ ಮಾತು ಹೊರಗಿನಿಂದ ಬರುತ್ತದೆ. ಪರಿಣಾಮ ಮಾತ್ರ ಒಂದೇ. ಗಂಟೆಗೆ ಮುನ್ನೂರು ಕಿಲೋಮೀಟರಿನ ವೇಗದಲ್ಲಿ ಬ್ರೇಕು ಒತ್ತುವ ಕ್ಷಣವನ್ನು ನಿರ್ಧರಿಸಬೇಕಾದವನ ಮನಸ್ಸಿನಲ್ಲಿ "ಈ ಸುತ್ತು ಕೆಟ್ಟರೆ ನನ್ನ ಗತಿ?" ಎಂಬ ಯೋಚನೆ ಸುಳಿದರೆ ಬ್ರೇಕು ಒಂದೆರಡು ಮೀಟರು ಮೊದಲೇ ಬೀಳುತ್ತದೆ, ಅಥವಾ ತಡವಾಗಿ ಬಿದ್ದು ಕಾರು ಮರಳಿಗೆ ಹೋಗುತ್ತದೆ. ಒತ್ತಡಕ್ಕೆ ಕಾರಣವಾದ ನಿಧಾನವೇ ಒತ್ತಡದಿಂದ ಮತ್ತಷ್ಟು ಹೆಚ್ಚುತ್ತದೆ.

"ಹಾಗಾದರೆ ಕರಾರುಪತ್ರವೆಂಬುದು ಏತಕ್ಕಿದೆ?" ಎಂದು ವಾಚಕರು ಕೇಳಬಹುದು. ಚಾಲಕನೊಡನೆ ಒಂದು, ಎರಡು ಅಥವಾ ಮೂರು ವರ್ಷಗಳ ಕರಾರು ಆಗಿರುತ್ತದೆ, ನಿಜ. ಆದರೆ ಅದರೊಳಗೆ ಷರತ್ತುಗಳುಂಟು. ಮುಂದಿನ ವರ್ಷಕ್ಕೆ ಮುಂದುವರಿಸುವ ಅಥವಾ ಬಿಡುವ ಆಯ್ಕೆ ಅನೇಕ ವೇಳೆ ತಂಡದ ಕೈಯಲ್ಲಿರುತ್ತದೆ. ಇಂತಿಷ್ಟು ಅಂಕಗಳ ಒಳಗೆ ಜೊತೆಗಾರನನ್ನು ಹಿಂಬಾಲಿಸದಿದ್ದರೆ ಕರಾರು ಮುರಿಯಬಹುದೆಂಬ ಬಗೆಯ ನಿಬಂಧನೆಗಳೂ ಇರುತ್ತವೆಂದು ಪತ್ರಿಕೆಗಳು ಬರೆಯುತ್ತವೆ. ಇವು ಯಾವುವೂ ಇಲ್ಲದಿದ್ದರೂ ತಂಡವು ಪರಿಹಾರ ಕೊಟ್ಟು ಕೈತೊಳೆದುಕೊಳ್ಳಬಹುದು. ಸಾರಾಂಶವೇನೆಂದರೆ, ಕರಾರು ಚಾಲಕನಿಗೆ ಹಣವನ್ನು ಖಾತ್ರಿಮಾಡಬಲ್ಲದು, ಆಸನವನ್ನಲ್ಲ. ಓಡಿಸುವವನಿಗೆ ಬೇಕಾದದ್ದು ಆಸನ.

ಇದಕ್ಕೆ ಉದಾಹರಣೆಗಳು ಹೇರಳ. ಮೂರು ಬಾರಿ ವಿಶ್ವಚಾಂಪಿಯನ್ ಆಗಿದ್ದ ಅಲೇನ್ ಪ್ರಾಸ್ತರು ೧೯೯೧ರಲ್ಲಿ ಫೆರಾರಿ ಕಾರನ್ನು ಲಾರಿಗೆ ಹೋಲಿಸಿ ಮಾತಾಡಿದರು. ವರ್ಷದ ಕೊನೆಯ ಪಂದ್ಯಕ್ಕೂ ಕಾಯದೆ ತಂಡ ಅವರನ್ನು ಹೊರಹಾಕಿತು. ಡೇನಿಯಲ್ ರಿಕಿಯಾರ್ಡೊ ೨೦೨೧ರಲ್ಲಿ ಇಟಲಿಯ ಮೊಂಜಾದಲ್ಲಿ ಮ್ಯಾಕ್‌ಲಾರೆನ್ ತಂಡಕ್ಕೆ ಜಯ ತಂದುಕೊಟ್ಟವರು. ಆದರೂ ಜೊತೆಗಾರನಿಗಿಂತ ಸತತವಾಗಿ ಹಿಂದುಳಿದರೆಂದು ೨೦೨೨ರ ಆಗಸ್ಟಿನಲ್ಲಿ, ಕರಾರಿನ ಅವಧಿ ಇನ್ನೂ ಒಂದು ವರ್ಷ ಉಳಿದಿರುವಾಗಲೇ, ಅವರನ್ನು ಬಿಡುವ ತೀರ್ಮಾನ ಪ್ರಕಟವಾಯಿತು. ಪೆರೆಜ್‌ರಿಗಂತೂ ಇದು ಎರಡು ಸಲ ಒದಗಿತು. ೨೦೨೦ರಲ್ಲಿ ರೇಸಿಂಗ್ ಪಾಯಿಂಟ್ ತಂಡದೊಡನೆ ೨೦೨೨ರವರೆಗೆ ಕರಾರಿದ್ದರೂ ಅವರ ಆಸನವನ್ನು ಸೆಬಾಸ್ಟಿಯನ್ ವೆಟ್ಟೆಲ್‌ರಿಗೆ ಕೊಡಲಾಯಿತು; ಹೊರಡುವ ಮುನ್ನ ಅದೇ ಕಾರಿನಲ್ಲಿ ಸಖೀರ್ ಪಂದ್ಯವನ್ನು ಗೆದ್ದು ಹೋದರು. ೨೦೨೪ರ ಜೂನಿನಲ್ಲಿ ರೆಡ್‌ಬುಲ್ ಅವರ ಕರಾರನ್ನು ೨೦೨೬ರವರೆಗೆ ಮುಂದುವರಿಸಿತು. ಅದೇ ಡಿಸೆಂಬರಿನಲ್ಲಿ ಅವರು ತಂಡದಿಂದ ಹೊರಬಿದ್ದರು.

ಈ ಕರಾರುಗಳು ಗುಟ್ಟಾಗಿರುವುದರಿಂದಲೇ ಊಹಾಪೋಹಕ್ಕೆ ಹುಲುಸಾದ ನೆಲ ದೊರೆಯುತ್ತದೆ. ಆಗಸ್ಟಿನಲ್ಲಿ ಪಂದ್ಯಗಳಿಗೆ ಕೆಲವು ವಾರ ಬಿಡುವು. ಬರೆಯಲು ಪಂದ್ಯವಿಲ್ಲದ ಪತ್ರಿಕೆಗಳು ಯಾರು ಉಳಿಯುವರು, ಯಾರು ಹೋಗುವರು ಎಂದು ಬರೆಯುತ್ತವೆ. ಆಂಗ್ಲ ಪತ್ರಿಕೆಗಳು ಈ ಕಾಲಕ್ಕೆ ಸಿಲ್ಲಿ ಸೀಸನ್ ಎಂದು ಹೆಸರಿಟ್ಟಿವೆ. ಎಲ್ಲವೂ ಪತ್ರಿಕೆಯವರ ಸೃಷ್ಟಿಯಲ್ಲ. ತನ್ನ ಕಕ್ಷಿಗಾರನ ಬೆಲೆ ಏರಿಸಲು ಚಾಲಕನ ವ್ಯವಹಾರ ನೋಡಿಕೊಳ್ಳುವವನೂ, ಚಾಲಕನನ್ನು ಬಗ್ಗಿಸಲು ತಂಡದವರೂ ಸುದ್ದಿಯನ್ನು ಹೊರಬಿಡುವುದುಂಟು. ವ್ಯಾಜ್ಯ ಬಿಗಡಾಯಿಸಿದರೆ ತೀರ್ಪು ಹೇಳಲು ಕರಾರು ಮಾನ್ಯತಾ ಮಂಡಳಿಯೊಂದಿದೆ. ೧೯೯೧ರಲ್ಲಿ ಮೈಕೇಲ್ ಷೂಮಾಕರ್ ಜೋರ್ಡನ್ ತಂಡಕ್ಕೆ ಒಂದೇ ಪಂದ್ಯ ಓಡಿಸಿ ಬೆನೆಟನ್ ತಂಡಕ್ಕೆ ಹೋದಾಗ ಎದ್ದ ಗಲಾಟೆಯ ತರುವಾಯ ಹುಟ್ಟಿದ ವ್ಯವಸ್ಥೆ ಅದು. ೨೦೨೨ರಲ್ಲಿ ಆಸ್ಕರ್ ಪಿಯಾಸ್ಟ್ರಿ ನಮ್ಮವರೆಂದು ಆಲ್ಪೈನ್ ತಂಡ ಸಾರಿದಾಗ, ಅವರು ಮ್ಯಾಕ್‌ಲಾರೆನ್ನಿಗೆ ಸೇರಿದವರೆಂದು ನಿರ್ಣಯಿಸಿದ್ದು ಇದೇ ಮಂಡಳಿ.

ನಮ್ಮ ದೇಶದವರೂ ಈ ಬಿಸಿಯನ್ನು ಕಂಡಿದ್ದಾರೆ. ಫಾರ್ಮುಲಾ ಒನ್‌ನಲ್ಲಿ ಓಡಿಸಿದ ಮೊದಲ ಭಾರತೀಯರಾದ ನಾರಾಯಣ್ ಕಾರ್ತಿಕೇಯನ್ ೨೦೧೧ರಲ್ಲಿ ಹಿಸ್ಪಾನಿಯಾ ತಂಡದಲ್ಲಿದ್ದಾಗ ವರ್ಷದ ನಡುವೆ ಆಸನವನ್ನು ಬಿಟ್ಟುಕೊಡಬೇಕಾಯಿತು. ದೆಹಲಿಯ ಸಮೀಪದ ಬುದ್ಧ ಪಥದಲ್ಲಿ ಅಕ್ಟೋಬರಿನಲ್ಲಿ ನಡೆದ ಭಾರತದ ಪಂದ್ಯಕ್ಕೆ ಮರಳಿ ಬಂದರು. ಅದಕ್ಕೂ ಒಂದು ವರ್ಷ ಮೊದಲು ಅದೇ ತಂಡದಲ್ಲಿ ಕರುಣ್ ಚಂದೋಕ್ ಹತ್ತು ಪಂದ್ಯಗಳ ಬಳಿಕ ಸ್ಥಾನ ತೆರವು ಮಾಡಿದ್ದರು. ಆಸನಕ್ಕಾಗಿ ಕಾದಿರುವವರ ಸಾಲೂ ದೊಡ್ಡದು. ನಮ್ಮ ಬೆಂಗಳೂರಿನ ಕುಶ್ ಮೈನಿ ೨೦೨೫ರಲ್ಲಿ ಮೊನಾಕೋದ ಫಾರ್ಮುಲಾ ಟೂ ಕಿರುಪಂದ್ಯವನ್ನು ಗೆದ್ದು, ಆಲ್ಪೈನ್ ತಂಡದ ಮೀಸಲು ಚಾಲಕರಾಗಿ ಆ ಸಾಲಿನಲ್ಲಿ ನಿಂತಿದ್ದರು. ಇಂಥ ಸಾಲು ಬಾಗಿಲಲ್ಲೇ ಇರುವಾಗ ಒಳಗಿರುವವನ ಮನಸ್ಸಿಗೆ ನೆಮ್ಮದಿ ಎಲ್ಲಿಯದು?

ಈಗ ಮೂಲ ಪ್ರಶ್ನೆಗೆ ಬರೋಣ. ಚಾಲಕನನ್ನು ಬದಲಿಸಿದರೆ ರೋಗ ವಾಸಿಯಾಗುವುದೇ? ಕೆಲವೊಮ್ಮೆ ಆಗುತ್ತದೆ. ೨೦೧೬ರಲ್ಲಿ ನಾಲ್ಕು ಪಂದ್ಯಗಳ ಬಳಿಕ ರೆಡ್‌ಬುಲ್ ತಂಡ ಡೇನಿಲ್ ಕ್ವಿಯಾಟ್‌ರನ್ನು ತನ್ನ ಚಿಕ್ಕ ತಂಡವಾದ ಟೊರೊ ರೋಸೊಗೆ ಇಳಿಸಿ ಅಲ್ಲಿಂದ ಹದಿನೆಂಟು ವಯಸ್ಸಿನ ವರ್ಸ್ಟಾಪನ್‌ರನ್ನು ತಂದಿತು. ಅವರು ಬಂದ ಮೊದಲ ಪಂದ್ಯವನ್ನೇ ಸ್ಪೇನಿನಲ್ಲಿ ಗೆದ್ದರು. ಆಡಳಿತದ ನಿರ್ಧಾರ ಸಾರ್ಥಕವಾಯಿತೆಂದು ಎಲ್ಲರೂ ಒಪ್ಪಬೇಕು. ಆದರೆ ಆ ಯಶಸ್ಸಿನ ನೆನಪೇ ಮುಂದೆ ತಂಡವನ್ನು ದಾರಿ ತಪ್ಪಿಸಿತೇನೋ ಎಂದು ಅನುಮಾನ ಬರುತ್ತದೆ.

೨೦೧೯ರಿಂದ ೨೦೨೫ರವರೆಗೆ ವರ್ಸ್ಟಾಪನ್‌ರ ಪಕ್ಕದ ಆಸನದಲ್ಲಿ ಐವರು ಕುಳಿತೆದ್ದರು. ಮೊದಲು ಫ್ರಾನ್ಸಿನ ಪಿಯರ್ ಗ್ಯಾಸ್ಲಿ. ಹನ್ನೆರಡು ಪಂದ್ಯಗಳಲ್ಲಿ ಅವರು ೬೩ ಅಂಕ ಗಳಿಸಿದರು, ವರ್ಸ್ಟಾಪನ್ ೧೮೧. ಆಗಸ್ಟಿನ ಬಿಡುವಿನಲ್ಲಿ ಅವರನ್ನು ಟೊರೊ ರೋಸೊಗೆ ಹಿಂದಿರುಗಿಸಿದರು. ಬಳಿಕ ಆಲ್ಬನ್, ೨೦೨೦ರಲ್ಲಿ ಅವರಿಗೆ ೧೦೫, ವರ್ಸ್ಟಾಪನ್‌ರಿಗೆ ೨೧೪. ಅವರೂ ಹೋದರು. ಪೆರೆಜ್ ೯೦ ಪಂದ್ಯಗಳ ಕಾಲ ತಾಳಿದರು, ಐದನ್ನು ಗೆದ್ದರು, ೨೦೨೩ರಲ್ಲಿ ವಿಶ್ವಪಟ್ಟಿಯಲ್ಲಿ ಎರಡನೆಯವರಾದರು, ಮರುವರ್ಷವೇ ಕುಸಿದರು. ೨೦೨೫ರ ಆರಂಭಕ್ಕೆ ನ್ಯೂಜಿಲೆಂಡಿನ ಲಿಯಾಮ್ ಲಾಸನ್ ಬಂದರು. ಚೀನಾದಲ್ಲಿ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಕೊನೆಯವರಾದರು. ಎರಡೇ ಪಂದ್ಯಗಳಿಗೆ ಅವರನ್ನು ಇಳಿಸಲಾಯಿತು. ಐದನೆಯವರು ಜಪಾನಿನ ಯೂಕಿ ಸುನೋಡಾ. ಇಪ್ಪತ್ತೆರಡು ಪಂದ್ಯಗಳಲ್ಲಿ ಅವರು ಆ ಕಾರಿನಲ್ಲಿ ಗಳಿಸಿದ್ದು ೩೦ ಅಂಕ. ವರ್ಸ್ಟಾಪನ್ ಇಡೀ ವರ್ಷಕ್ಕೆ ೪೨೧. ೨೦೨೬ಕ್ಕೆ ಅವರನ್ನೂ ಕೈಬಿಟ್ಟು ಇಸಾಕ್ ಹಜ್ಜಾರ್‌ರನ್ನು ಆರಿಸಿದರು. ಈ ನಡುವೆ ೨೦೨೫ರ ಜುಲೈಯಲ್ಲಿ, ೨೦೦೫ರಿಂದ ತಂಡವನ್ನು ನಡೆಸಿದ ಮುಖ್ಯಸ್ಥ ಕ್ರಿಸ್ಟಿಯನ್ ಹಾರ್ನರ್‌ರನ್ನೂ ಆ ಸ್ಥಾನದಿಂದ ತೆಗೆದುಹಾಕಲಾಯಿತು. ಇಳಿಸುವವರ ಸರದಿಯೂ ಬಂತೆಂದಾಯಿತು.

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮಲ್ಲಿದೆ. ಒಬ್ಬಳು ಹೇಳಿದರೆ ನಗಬಹುದು. ಒಬ್ಬರ ಮೇಲೊಬ್ಬರಂತೆ ಐವರು ಅದೇ ಸ್ಥಳದಲ್ಲಿ ಮುಗ್ಗರಿಸಿದರೆ ಬಗ್ಗಿ ನೆಲವನ್ನು ನೋಡುವುದು ವಿವೇಕ. ಏಕೆಂದರೆ ಈ ಐವರು ಬೇರೆಡೆ ಕುಣಿಯಬಲ್ಲವರೆಂದು ತೋರಿಸಿದ್ದಾರೆ. ಗ್ಯಾಸ್ಲಿ ಇಳಿಸಲ್ಪಟ್ಟ ಮೂರೇ ತಿಂಗಳಲ್ಲಿ ಬ್ರೆಜಿಲ್‌ನಲ್ಲಿ ಎರಡನೆಯವರಾದರು. ೨೦೨೦ರಲ್ಲಿ ಮೊಂಜಾದಲ್ಲಿ ಅದೇ ಚಿಕ್ಕ ತಂಡಕ್ಕಾಗಿ ಗೆದ್ದರು. ಆಲ್ಬನ್ ೨೦೨೫ರಲ್ಲಿ ವಿಲಿಯಮ್ಸ್ ಕಾರಿನಲ್ಲಿ ೭೩ ಅಂಕ ಗಳಿಸಿ ಎಂಟನೆಯವರಾದರು. ಎರಡೇ ಪಂದ್ಯಗಳಿಗೆ ಬೇಡವಾದ ಲಾಸನ್ ಚಿಕ್ಕ ತಂಡದ ಕಾರಿನಲ್ಲಿ ಉಳಿದ ವರ್ಷವೆಲ್ಲ ಓಡಿಸಿ ೩೮ ಅಂಕ ಗಳಿಸಿದರು. ಅವರ ಬದಲಿಗೆ ಬಂದವರು ದೊಡ್ಡ ತಂಡದ ಕಾರಿನಲ್ಲಿ ಗಳಿಸಿದ್ದಕ್ಕಿಂತ ಅದು ಹೆಚ್ಚು. ಬಾಕು ನಗರದ ಪಂದ್ಯದಲ್ಲಂತೂ ಲಾಸನ್ ಐದನೆಯವರು, ಸುನೋಡಾ ಅವರ ಬೆನ್ನಿಗೆ ಆರನೆಯವರು.

ನೆಲ ಡೊಂಕಾಗಿದ್ದುದು ಹೇಗೆ? ವರ್ಸ್ಟಾಪನ್‌ರಿಗೆ ಮುಂದಿನ ಚಕ್ರಗಳು ರಸ್ತೆಯನ್ನು ಬಿಗಿಯಾಗಿ ಕಚ್ಚುವ, ಚಕ್ರ ತಿರುಗಿಸಿದೊಡನೆ ಮೂತಿ ತಿರುಗುವ ಕಾರು ಹಿಡಿಸುತ್ತದೆ. ಅಂಥ ಕಾರಿನ ಹಿಂಭಾಗ ಸಡಿಲ; ಎಚ್ಚರ ತಪ್ಪಿದರೆ ಬಾಲ ಬೀಸುತ್ತದೆ. ಆ ಬೀಸನ್ನು ಹಿಡಿದು ನಿಲ್ಲಿಸುವ ಕೌಶಲ ಅವರಿಗೆ ಅಸಾಧಾರಣವಾಗಿದೆ. ಆ ಕಾರು ಕಂಪ್ಯೂಟರಿನ ಮೌಸನ್ನು ಅತಿ ಚುರುಕಿಗೆ ಏರಿಸಿಟ್ಟಂತೆ ಎಂದು ಆಲ್ಬನ್ ಮುಂದೊಮ್ಮೆ ವಿವರಿಸಿದರು. ಎಂಜಿನಿಯರುಗಳು ವೇಗವಾಗಿ ಓಡಿಸುವವನ ಮಾತಿನಂತೆ ಕಾರನ್ನು ತಿದ್ದುವುದು ಸಹಜ. ಗೆಲ್ಲುವವನು ಅವನೇ ತಾನೆ. ಹೀಗೆ ತಿದ್ದುತ್ತ ಹೋದಂತೆ ಕಾರು ಒಬ್ಬನ ಕೈಗೆ ಮತ್ತಷ್ಟು ಒಗ್ಗುತ್ತದೆ, ಇನ್ನೊಬ್ಬನ ಕೈಗೆ ಮತ್ತಷ್ಟು ಒರಟಾಗುತ್ತದೆ. ಹೊಸ ಭಾಗ ಒಂದೇ ತಯಾರಾಗಿದ್ದರೆ ಅದೂ ಮುಂದಿರುವವನ ಕಾರಿಗೇ. ಹೆಸರಿಗೆ ಕಾರು ಒಂದೇ. ವಾಸ್ತವವಾಗಿ ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಇಬ್ಬರಿಗೆ ತೊಡಿಸಿದಂತೆ.

ಇದರ ಮೇಲೆ ಇನ್ನೆರಡು ಕಾರಣಗಳು ಸೇರುತ್ತವೆ. ಮೊದಲನೆಯದು, ಅಭ್ಯಾಸದ ಅಭಾವ. ವರ್ಷದ ನಡುವೆ ಪಥದ ಮೇಲೆ ಮನಬಂದಷ್ಟು ಪರೀಕ್ಷೆ ನಡೆಸುವುದನ್ನು ೨೦೦೯ರಿಂದ ಬಹುಮಟ್ಟಿಗೆ ನಿಷೇಧಿಸಿದ್ದಾರೆ. ೨೦೨೫ರಲ್ಲಿ ವರ್ಷಾರಂಭದ ಪರೀಕ್ಷೆ ಮೂರೇ ದಿನ. ತಂಡಕ್ಕೆ ಒಂದೇ ಕಾರು. ಒಬ್ಬೊಬ್ಬನಿಗೆ ಒಂದೂವರೆ ದಿನ. ಹೊಸಬನು ಕಲಿಯಬೇಕಾದದ್ದು ಪಂದ್ಯದಲ್ಲೇ, ಜಗತ್ತಿನ ಕಣ್ಣೆದುರಿನಲ್ಲೇ. ಎರಡನೆಯದು, ಖರ್ಚಿನ ಲೆಕ್ಕ. ತಂಡಗಳ ವೆಚ್ಚಕ್ಕೆ ೨೦೨೧ರಿಂದ ಮಿತಿ ಹಾಕಲಾಗಿದೆ; ಚಾಲಕರ ಸಂಬಳ ಆ ಮಿತಿಯೊಳಗೆ ಬರುವುದಿಲ್ಲ. ಕಾರನ್ನು ಬದಲಿಸಲು ತಿಂಗಳುಗಳು ಬೇಕು, ಹಣಕ್ಕೆ ಕಟ್ಟುಪಾಡುಂಟು; ಮನುಷ್ಯನನ್ನು ಬದಲಿಸಲು ಒಂದು ಪ್ರಕಟಣೆ ಸಾಕು. ಸುಲಭವಾದದ್ದನ್ನೇ ಮೊದಲು ಮಾಡುವುದು ಸಂಸ್ಥೆಗಳ ಸ್ವಭಾವ.

ಆಲ್ಪೈನ್ ತಂಡದ ೨೦೨೫ರ ಕಥೆ ಇನ್ನೂ ಚಿಕ್ಕದು, ಇನ್ನೂ ಸ್ಪಷ್ಟ. ಜಾಕ್ ಡೂಹನ್ ಆರು ಪಂದ್ಯಗಳಲ್ಲಿ ಸೊನ್ನೆ ಅಂಕ ಗಳಿಸಿದ್ದಕ್ಕೆ ಅವರನ್ನು ಕೂರಿಸಿ ಅರ್ಜೆಂಟೀನಾದ ಫ್ರಾಂಕೊ ಕೊಲಪಿಂಟೊರನ್ನು ತಂದರು. ಈ ಕೊಲಪಿಂಟೊ ಹಿಂದಿನ ವರ್ಷ ವಿಲಿಯಮ್ಸ್‌ನಲ್ಲಿ ಸಾರ್ಜೆಂಟರ ಸ್ಥಾನಕ್ಕೆ ಬಂದು, ಎರಡನೆಯ ಪಂದ್ಯದಲ್ಲೇ ಎಂಟನೆಯವರಾಗಿ ಭೇಷ್ ಅನ್ನಿಸಿಕೊಂಡವರು. ಆಲ್ಪೈನ್‌ನಲ್ಲಿ ಉಳಿದ ಹದಿನೆಂಟು ಪಂದ್ಯಗಳಲ್ಲಿ ಅವರ ಗಳಿಕೆಯೂ ಸೊನ್ನೆಯೇ. ತಂಡದ ೨೨ ಅಂಕಗಳನ್ನೂ ಒಬ್ಬರೇ ತಂದರು. ಅವರು ಹಿಂದೆ ರೆಡ್‌ಬುಲ್‌ಗೆ ಬೇಡವಾಗಿದ್ದ ಗ್ಯಾಸ್ಲಿ. ತಂಡ ಹತ್ತನೆಯದಾಗಿ, ಅಂದರೆ ಕೊನೆಯದಾಗಿ, ನಿಂತಿತು.

ಹಾಗೆಂದು ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟಬೇಕೆಂದು ನನ್ನ ವಾದವಲ್ಲ. ಅದೇ ಡೊಂಕು ನೆಲದ ಮೇಲೆ ವರ್ಸ್ಟಾಪನ್ ಕುಣಿದು ತೋರಿಸಿದ್ದಾರಲ್ಲ; ಗ್ಯಾಸ್ಲಿಯೂ ಆಲ್ಪೈನ್ ಕಾರಿನಲ್ಲಿ ಅಂಕ ತಂದಿದ್ದಾರಲ್ಲ. ಚಾಲಕ ಚಾಲಕನಿಗೂ ಭೇದವುಂಟು. ಮೊದಲನೆಯವನು ಸೋತಾಗ ಅವನನ್ನು ಪರೀಕ್ಷಿಸುವುದು ನ್ಯಾಯ. ಎರಡನೆಯವನು ಸೋತಾಗ ಇಬ್ಬರನ್ನೂ ಹೋಲಿಸಿ ನೋಡುವುದು ನ್ಯಾಯ. ಮೂರನೆಯವನೂ ಅಲ್ಲೇ, ಹಾಗೆಯೇ ಸೋತರೆ ಪರೀಕ್ಷೆಗೆ ಒಳಗಾಗಬೇಕಾದವರು ಪರೀಕ್ಷಕರು. ಜರ್ಮನಿಯ ನಿಕೊ ಹುಲ್ಕನ್‌ಬರ್ಗ್ ಮೊದಲ ಮೂವರಲ್ಲಿ ಒಬ್ಬರಾಗಿ ವೇದಿಕೆಯೇರಿದ್ದು ೨೦೨೫ರಲ್ಲಿ, ಸಿಲ್ವರ್‌ಸ್ಟೋನ್‌ನಲ್ಲಿ, ತಮ್ಮ ೨೩೯ನೆಯ ಪಂದ್ಯದಲ್ಲಿ. ಎರಡೇ ಪಂದ್ಯಗಳಲ್ಲಿ ಮನುಷ್ಯನ ಬೆಲೆ ಕಟ್ಟುವವರು ಈ ಸಂಖ್ಯೆಯನ್ನು ಗೋಡೆಗೆ ಬರೆದುಕೊಳ್ಳಬಹುದು.

ಅಂಕಗಳಿಂದಲೇ ಅಳೆಯಲ್ಪಡುವ ನಮಗೂ, ಅಂಕಗಳಿಂದಲೇ ಅಳೆಯಬೇಕಾದ ನಮ್ಮ ಅಧ್ಯಾಪಕರಿಗೂ ಈ ವಿಷಯ ತೀರ ದೂರದ್ದಲ್ಲ. ತರಗತಿಯಲ್ಲಿ ಒಬ್ಬನು ನಪಾಸಾದರೆ ಅವನನ್ನು ಕರೆದು ವಿಚಾರಿಸುತ್ತೇವೆ. ವರ್ಷ ವರ್ಷವೂ ಒಂದೇ ಪತ್ರಿಕೆಯಲ್ಲಿ ಅರ್ಧ ತರಗತಿ ನಪಾಸಾದರೆ ಪಾಠಕ್ರಮವನ್ನು ತೆರೆದು ನೋಡುತ್ತೇವೆ, ಅಥವಾ ನೋಡಬೇಕು. ಕೋಟ್ಯಂತರ ಹಣವೂ ಸೆಕೆಂಡಿನ ಸಾವಿರದ ಪಾಲನ್ನು ಅಳೆಯುವ ಯಂತ್ರಗಳೂ ಇರುವ ತಂಡಗಳಿಗೆ ಈ ಸರಳ ವಿಚಾರ ಹೊಳೆಯಲು ಐದು ಮಂದಿಯ ಆಸನ ಹೋಗಬೇಕಾಯಿತು.